ವಸ್ತುಸಂಗ್ರಹಾಲಯಗಳೂ ಶರಣರ ನೆನಹೂ

ಒಂದು ಸಮಾಜದ ಪೂರ್ವಸ್ಮೃತಿಯನ್ನು ಕಾಪಾಡುವ ಅಧಿಕಾರವು ಯಾರಿಗೆ ಸೇರಿದುದು? ಅರಸೊತ್ತಿಗೆಗೋ, ಆ ಸಮಾಜಕ್ಕೋ? ಶ್ರೀಮಠದ ಮಹೋತ್ಸವದ ಈ ಶುಭಕಾಲದಲ್ಲಿ ಭಕ್ತಮಹಾಶಯರು ಈ ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬಿನ್ನಹ.

ವಿಜಾಪುರದ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ ಆಂಗ್ಲರ ಆಳಿಕೆಯ ಕಾಲಕ್ಕೆ, 1892ರಲ್ಲಿ, ವಸ್ತುಸಂಗ್ರಹಾಲಯವು ಏರ್ಪಟ್ಟಿತು. 1982ರಲ್ಲಿ ಅದು ಭಾರತ ಸರಕಾರದ ಪುರಾತತ್ತ್ವ ಇಲಾಖೆಯ ವಶವಾಯಿತು. ಶಿಲಾಶಾಸನಗಳು, ಮೂರ್ತಿಗಳು, ಆಯುಧಗಳು, ರತ್ನಗಂಬಳಿಗಳು ಅಲ್ಲಿವೆ. ಅವೆಲ್ಲವೂ ನಾಡಿನ ಸೊತ್ತೇ ಅಹುದು. ಆದರೆ ಅರಮನೆ ಕಟ್ಟದ ಕಾಯಕಜೀವಿಗಳ ಇತಿಹಾಸವು ಇಂತಹ ಆಲಯಗಳಲ್ಲಿ ಸುಲಭವಾಗಿ ಅಡಕವಾಗಲಾರದು. ಬಾಗೇವಾಡಿಯ ಬಸವಣ್ಣನವರೂ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಐಕ್ಯರಾದರೆಂದು ನಾವು ನಂಬಿ ನಡೆದುಕೊಳ್ಳುವ ನೀಲಾಂಬಿಕೆಯವರೂ ನಮಗೆ ಬಿಟ್ಟುಹೋದುದು ನುಡಿಯನ್ನು. ಆ ನುಡಿ ಉಳಿದುದು ಮಠಗಳ ಹಾಗೂ ಮನೆಗಳ ಜಗಲಿಯ ಮೇಲಣ ತಾಡವೋಲೆಯ ಕಟ್ಟುಗಳಲ್ಲಿ.

ಆ ಕಟ್ಟುಗಳನ್ನು ಊರೂರು ಅರಸಿ ತಂದವರು ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಪ್ರಕಟವಾಯಿತು, 1925ರಲ್ಲಿ ಹಿತಚಿಂತಕ ಮುದ್ರಣಾಲಯವೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಮೊದಲಾದವು. ಯಾವ ಸರಕಾರವೂ ಕಟ್ಟದ ಸಂಗ್ರಹಾಲಯವನ್ನು ಅವರು ಅಚ್ಚಿನ ಮೊಳೆಗಳಿಂದ ಕಟ್ಟಿದರು.

ಇಂದು ಕಾಲವು ತಿರುಗಿದೆ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವಮಂಟಪಕ್ಕೆ ರಾಜ್ಯ ಸರಕಾರವು 500 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಅಡಿಗಲ್ಲನ್ನಿರಿಸಿತು. ಇದು ಹರ್ಷದ ಸಂಗತಿಯೇ. ಆದರೂ ರಾಜದ್ರವ್ಯದೊಡನೆ ರಾಜೇಚ್ಛೆಯೂ ಒಳಹೋಗುವುದುಂಟು. 2018ರಲ್ಲಿ ಅಲ್ಪಸಂಖ್ಯಾತ ಧರ್ಮದ ಮನ್ನಣೆಗಾಗಿ ರಾಜ್ಯ ಸರಕಾರವು ಶಿಫಾರಸು ಮಾಡಿದಾಗ ನಮ್ಮಲ್ಲಿಯೇ ಎದ್ದ ವಾದವಿವಾದಗಳನ್ನು ಬಲ್ಲವರಿಗೆ, ಕಲ್ಯಾಣದ ಕಥೆಯನ್ನು ಗೋಡೆಯ ಮೇಲೆ ಯಾರು ಬರೆಯಬೇಕೆಂಬುದು ಸಣ್ಣ ಮಾತಲ್ಲವೆಂದು ತಿಳಿಯದಿರದು. ಅಮೇರಿಕಾ ದೇಶದಲ್ಲಿ ಮೂಲನಿವಾಸಿಗಳ ರಾಷ್ಟ್ರೀಯ ಸಂಗ್ರಹಾಲಯಕ್ಕಾಗಿ 1989ರಲ್ಲಿ ಕಾಯದೆಯಾದಾಗ, ಸರಕಾರಿ ಸಂಗ್ರಹದಲ್ಲಿದ್ದ ಪೂರ್ವಜರ ಅಸ್ಥಿಗಳನ್ನು ಆಯಾ ಕುಲದವರಿಗೆ ಹಿಂದಿರುಗಿಸುವ ವಿಧಿಯೂ ಅದರಲ್ಲಿ ಸೇರಿತು. ಕೂಡಿಟ್ಟವರಿಗಿಂತ ಒಡೆಯರ ಹಕ್ಕು ಹಿರಿದೆಂದು ಅಲ್ಲಿ ಒಪ್ಪಿದಂತಾಯಿತು.

ಆದರೆ ಒಡೆತನವೆಂಬುದು ಬರಿಯ ಹಕ್ಕಲ್ಲ, ಹೊಣೆಯೂ ಅಹುದು. ಓಲೆಯ ಕಟ್ಟಿಗೆ ವಿಭೂತಿ ಧರಿಸಿ ಪೂಜಿಸುವ, ಆದರೆ ಸುತ್ತಿದ ವಸ್ತ್ರವನ್ನು ಎಂದೂ ಬಿಚ್ಚದ ಮನೆಗಳು ನಮ್ಮಲ್ಲುಂಟು. ನಾವು ಓದದುದನ್ನು ಒರಲೆ ಓದಿ ಮುಗಿಸುವುದು. ಆದುದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಭಕ್ತರು ತಮ್ಮಲ್ಲಿರುವ ಕಟ್ಟುಗಳನ್ನು ಬಿಚ್ಚಿ, ಬಲ್ಲವರಿಗೆ ತೋರಿಸಿ, ಪ್ರತಿ ಮಾಡಿಸಿಕೊಂಡು ಮೂಲವನ್ನು ಜೋಪಾನವಾಗಿಡಲಿ. ಸರಕಾರದ ಮಂಟಪವು ಪೂರ್ಣವಾಗುವ ದಿನ ಅದರೊಳಗೆ ಇರಿಸತಕ್ಕ ನುಡಿಯು ನಮ್ಮ ಕೈಯಲ್ಲಿ ಉಳಿದಿರಬೇಕು.