ಹುಲಿ ಯಾರದ್ದು? ತಾಮ್ರದ ತಗಡಿನಿಂದ ಬ್ಲಾಕ್‌ಚೈನ್‌ವರೆಗೆ

1/6
ನಮ್ಮ ಫೆಸ್ಟ್ ಟೀ ಶರ್ಟಿನ ಹುಲಿಮುಖ ನೆನಪಿದೆಯಲ್ಲ? ಎರಡು ರಾತ್ರಿ ಕೂತು ಬಿಡಿಸಿದ್ದೆ. ಫೆಸ್ಟ್ ಮುಗಿದ ಮೂರು ವಾರಕ್ಕೆ ಅದೇ ಹುಲಿ ಒಂದು ಆನ್‌ಲೈನ್ ಅಂಗಡಿಯಲ್ಲಿ 399 ರೂಪಾಯಿಗೆ ಮಾರಾಟಕ್ಕಿತ್ತು. ಅದೇ ಮೀಸೆ, ಅದೇ ಕಣ್ಣು. ನಾನು ಎಡಕಿವಿಗೆ ಒಂದು ಪಟ್ಟೆ ಹಾಕಲು ಮರೆತಿದ್ದೆ, ಅವರ ಹುಲಿಗೂ ಆ ಪಟ್ಟೆ ಇಲ್ಲ! ಮೆಸೇಜ್ ಮಾಡಿದೆ. ಉತ್ತರ ಬಂತು: "ನೀವೇ ಮಾಡಿದ್ದು ಅಂತ ಏನು ಪ್ರೂಫ್?"

ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಸಲಹೆ ಬಂತು. "ಬ್ಲಾಕ್‌ಚೈನಿಗೆ ಹಾಕು ಮಾರಾಯ, ಆಮೇಲೆ ಯಾರಿಗೂ ಮುಟ್ಲಿಕ್ಕಾಗುದಿಲ್ಲ." ಹೌದಾ ಅಂತ ಕಾಸ್ಟಿಂಗ್ ಪುಸ್ತಕ ಮುಚ್ಚಿಟ್ಟು ಇದನ್ನೇ ಓದಿದೆ. ಈ ಕಥೆ ಶುರುವಾಗುವುದು ಬಿಟ್‌ಕಾಯಿನ್‌ನಿಂದ ಅಲ್ಲ, 1735ರ ಲಂಡನ್‌ನಿಂದ. ಉದ್ದ ಇದೆ, ಆದರೆ ಡಿಸೈನ್ ಮಾಡುವವರು ಪೂರ್ತಿ ಓದಿ.

2/6
ವಿಲಿಯಂ ಹೊಗಾರ್ತ್ ಅಂತ ಒಬ್ಬ ಚಿತ್ರಕಾರ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಅಚ್ಚು ಹಾಕಿ ಮಾರುತ್ತಿದ್ದ. 1732ರಲ್ಲಿ ಅವನ 'ಎ ಹಾರ್ಲಟ್ಸ್ ಪ್ರೋಗ್ರೆಸ್' ಎಂಬ ಆರು ಚಿತ್ರಗಳ ಸರಣಿ ಭಾರಿ ಹಿಟ್ ಆಯಿತು. ಹಿಟ್ ಆದ ಕೂಡಲೇ ನಕಲೂ ಬಂತು, ಕಡಿಮೆ ರೇಟಿಗೆ. ಹೊಗಾರ್ತ್ ಬೇರೆ ಚಿತ್ರಕಾರರನ್ನು ಸೇರಿಸಿಕೊಂಡು ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. 1735ರಲ್ಲಿ ಕಾನೂನು ಆಯಿತು: ಚಿತ್ರದ ಮೇಲೆ 14 ವರ್ಷ ಹಕ್ಕು. ಜೂನ್ 25ಕ್ಕೆ ಅದು ಜಾರಿಗೆ ಬರುವವರೆಗೂ ಅವನು ತನ್ನ ಮುಂದಿನ ಸರಣಿ 'ಎ ರೇಕ್ಸ್ ಪ್ರೋಗ್ರೆಸ್' ಅನ್ನು ಬಿಡುಗಡೆ ಮಾಡದೆ ಹಿಡಿದಿಟ್ಟ. ಆದರೂ ನಕಲಿಯವರು ಬಿಡಲಿಲ್ಲ. ಚಿತ್ರ ನೋಡುವ ನೆಪದಲ್ಲಿ ಅವನ ಮನೆಗೆ ಜನ ಕಳಿಸಿ, ನೆನಪಿನಿಂದಲೇ ಬಿಡಿಸಿ, ಅವನಿಗಿಂತ ಮೊದಲೇ ಮಾರಿದರು. ಸ್ಕ್ರೀನ್‌ಶಾಟ್ ಇಲ್ಲದ ಕಾಲದ ಸ್ಕ್ರೀನ್‌ಶಾಟ್!

ಆ ಕಾನೂನಿನಲ್ಲಿ ಒಂದು ಷರತ್ತು ಇತ್ತು. ಪ್ರತಿ ತಗಡಿನ ಮೇಲೂ ಮಾಲೀಕನ ಹೆಸರು ಮತ್ತು ಪ್ರಕಟವಾದ ತಾರೀಖು ಕೊರೆದಿರಬೇಕು. ಹೆಸರು, ತಾರೀಖು: ಈ ಎರಡು ಪದ ನೆನಪಿಟ್ಟುಕೊಳ್ಳಿ.

ಬಟ್ಟೆ ಡಿಸೈನಿನವರ ಸರದಿ ಬಂದದ್ದು 1787ರಲ್ಲಿ. ಹತ್ತಿ, ಲಿನನ್ ಬಟ್ಟೆ ಮೇಲಿನ ಹೊಸ ಪ್ರಿಂಟಿಗೆ ಸಿಕ್ಕಿದ ರಕ್ಷಣೆ ಬರೀ ಎರಡು ತಿಂಗಳು. 1842ರ ಕಾನೂನು ಬಂದ ಮೇಲೆ ವ್ಯವಸ್ಥೆ ಗಟ್ಟಿಯಾಯಿತು. ಡಿಸೈನಿನ ಮಾದರಿ ಕೊಟ್ಟರೆ ಸರ್ಕಾರದ ಆಫೀಸಿನವರು ದೊಡ್ಡ ರಿಜಿಸ್ಟರಿಗೆ ಅಂಟಿಸಿ ನಂಬರು ಕೊಡುತ್ತಿದ್ದರು. ವಸ್ತುವಿನ ಮೇಲೆ ವಜ್ರದಾಕಾರದ ಒಂದು ಗುರುತು, ಅದರ ಮೂಲೆಗಳಲ್ಲಿ ವರ್ಷ, ತಿಂಗಳು, ದಿನದ ಸಂಕೇತ. ಆ ರಿಜಿಸ್ಟರುಗಳು ಬಟ್ಟೆಚೂರುಗಳ ಸಮೇತ ಇವತ್ತಿಗೂ ಲಂಡನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ.

3/6
ಕಂಪ್ಯೂಟರ್ ಬಂದ ಮೇಲೆ ತಾರೀಖಿನ ಮರ್ಯಾದೆ ಹೋಯಿತು. ಸೆಟ್ಟಿಂಗ್ಸ್‌ಗೆ ಹೋಗಿ ತಾರೀಖು ಹಿಂದಿಟ್ಟು ಫೈಲ್ ಸೇವ್ ಮಾಡಿ ನೋಡಿ, ನಿಮ್ಮ ಇವತ್ತಿನ ಡಿಸೈನ್ 2015ರದ್ದಾಗುತ್ತದೆ.

ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ ಈ ತಲೆನೋವಿಗೆ 1991ರಲ್ಲಿ ಒಂದು ಪ್ರಬಂಧ ಬರೆದರು. ಪೂರ್ತಿ ಫೈಲನ್ನು ಯಾರಿಗೂ ಕೊಡಬೇಡಿ, ಅದರ ಹ್ಯಾಶ್ ಮಾತ್ರ ಕೊಡಿ ಎಂದರು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ನನ್ನ ಹುಲಿಯನ್ನು ಇವತ್ತಿನ ಎಸ್‌ಎಚ್‌ಎ-256ಕ್ಕೆ ಹಾಕಿದರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಎಡಕಿವಿಗೆ ಆ ಒಂದು ಪಟ್ಟೆ ಸೇರಿಸಿ ಮತ್ತೆ ಹಾಕಿದರೆ ಸಾಲು ಪೂರ್ತಿ ಬೇರೆ. ಸಾಲು ನೋಡಿ ಹುಲಿ ಬಿಡಿಸಲಿಕ್ಕೂ ಆಗುವುದಿಲ್ಲ.

ಎರಡನೇ ಐಡಿಯಾ ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ. ಲೆಡ್ಜರಿನಲ್ಲಿ ಒಂದು ಪುಟದ ಮೊತ್ತ ಮುಂದಿನ ಪುಟದ ತಲೆಗೆ ಹೋಗುತ್ತದಲ್ಲ? ಮಧ್ಯದ ಪುಟ ತಿದ್ದಿದರೆ ಆಮೇಲಿನದ್ದೆಲ್ಲ ತಾಳೆ ತಪ್ಪುತ್ತದೆ. ಹಾಗೆಯೇ ಪ್ರತಿ ದಾಖಲೆಯೊಳಗೆ ಹಿಂದಿನ ದಾಖಲೆಯ ಹ್ಯಾಶ್ ಇಟ್ಟು ಸರಪಳಿ ಕಟ್ಟಿದರು. ನನಗೆ ತುಂಬ ಇಷ್ಟವಾದದ್ದು ಮುಂದಿನದು. ಅವರ ಕಂಪನಿ ಶ್ಯೂರಿಟಿ 1995ರಿಂದ ವಾರಕ್ಕೊಮ್ಮೆ ಸರಪಳಿಯ ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್‌ನ ವರ್ಗೀಕೃತ ಜಾಹೀರಾತಿನಲ್ಲಿ, 'ಕಳೆದಿದೆ, ಸಿಕ್ಕಿದೆ' ವಿಭಾಗದಲ್ಲಿ ಅಚ್ಚು ಹಾಕಿಸಿತು! ಹಂಚಿಹೋದ ಪೇಪರನ್ನು ಯಾರು ಮನೆಮನೆಗೆ ಹೋಗಿ ತಿದ್ದುತ್ತಾರೆ?

2008ರ ಬಿಟ್‌ಕಾಯಿನ್ ಪ್ರಬಂಧದ ಎಂಟು ಉಲ್ಲೇಖಗಳಲ್ಲಿ ಮೂರು ಇವರ ಬರಹಗಳು. ಬಿಟ್‌ಕಾಯಿನ್ ಪೇಪರಿನ ಬದಲು ಸಾವಿರಾರು ಕಂಪ್ಯೂಟರುಗಳನ್ನು ಇಟ್ಟಿತು.

4/6
ಇದನ್ನು ಕಲೆಗೆ ತಂದದ್ದು 2014ರ ಮೇ ತಿಂಗಳಲ್ಲಿ. ಕಲಾವಿದ ಕೆವಿನ್ ಮೆಕಾಯ್ ತನ್ನ 'ಕ್ವಾಂಟಮ್' ಎಂಬ ಕೃತಿಯನ್ನು ನೇಮ್‌ಕಾಯಿನ್ ಎಂಬ ಬ್ಲಾಕ್‌ಚೈನಿನಲ್ಲಿ ದಾಖಲಿಸಿದ. ಜೊತೆಗಿದ್ದವನು ಅನಿಲ್ ಡ್ಯಾಶ್. ಕಲಾವಿದರಿಗೆ ತಮ್ಮ ಕೃತಿಯ ಮೇಲೆ ಹಿಡಿತ ಸಿಗಲಿ ಎಂಬುದು ಉದ್ದೇಶ. ಆದರೆ ಚಿತ್ರ ದೊಡ್ಡದು, ಸರಪಳಿಯಲ್ಲಿ ಜಾಗ ಚಿಕ್ಕದು. ಹಾಗಾಗಿ ಚಿತ್ರದ ಬದಲು ಅದರ ವೆಬ್ ವಿಳಾಸ ಹಾಕಿದರು. ಈ ಅಡ್ಡದಾರಿಯನ್ನು ಎನ್‌ಎಫ್‌ಟಿಗಳು ಹಾಗೇ ಮುಂದುವರಿಸಿದವು ಅಂತ ಡ್ಯಾಶ್ ಅವರೇ 2021ರಲ್ಲಿ ಬೇಸರದಿಂದ ಬರೆದರು.

ಅದೇ 2021ರ ಮಾರ್ಚ್‌ನಲ್ಲಿ ಬೀಪಲ್‌ನ ಕೃತಿ ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಹೋಯಿತು. ಆಮೇಲಿನ ಗಲಾಟೆ ನಿಮಗೇ ಗೊತ್ತು. ಟೋಕನ್ ಕೊಂಡರೆ ಕಾಪಿರೈಟ್ ತಾನಾಗಿ ಕೈಗೆ ಬರುವುದಿಲ್ಲ. ನಮ್ಮ ಕಾನೂನಿನಲ್ಲಿ ಅದಕ್ಕೆ ಸಹಿ ಹಾಕಿದ ಬರಹ ಬೇಕು. 2022ರ ಜನವರಿಯಲ್ಲಿ ಓಪನ್‌ಸೀ ಎಂಬ ದೊಡ್ಡ ಮಾರುಕಟ್ಟೆ, ತನ್ನ ಉಚಿತ ಸಾಧನದಲ್ಲಿ ಮಾಡಿದ ಟೋಕನ್‌ಗಳಲ್ಲಿ 80%ಕ್ಕೂ ಹೆಚ್ಚು ಕದ್ದದ್ದು, ನಕಲಿ ಅಥವಾ ಕಸ ಅಂತ ತಾನೇ ಒಪ್ಪಿಕೊಂಡಿತು. ತಾರೀಖು ಇತ್ತು, ಹೆಸರು ನೋಡುವವರಿರಲಿಲ್ಲ.

5/6
ಚೀನಾದ ಹಾಂಗ್‌ಝೌ ಊರಿನಲ್ಲಿ ಇಂಟರ್ನೆಟ್ ವ್ಯಾಜ್ಯಗಳಿಗೇ ಒಂದು ಕೋರ್ಟ್ ಇದೆ. 2018ರ ಜೂನ್‌ನಲ್ಲಿ ಅದು ಒಂದು ಕಾಪಿರೈಟ್ ಕೇಸಿನಲ್ಲಿ ಬ್ಲಾಕ್‌ಚೈನಿನಲ್ಲಿಟ್ಟ ಸಾಕ್ಷ್ಯವನ್ನು ಒಪ್ಪಿತು. ಸುಮ್ಮನೆ ಒಪ್ಪಲಿಲ್ಲ. ಪುಟವನ್ನು ಯಾರು ಸೆರೆಹಿಡಿದರು, ಹೇಗೆ ಹಿಡಿದರು, ಹ್ಯಾಶ್ ತಾಳೆಯಾಗುತ್ತದಾ ಅಂತ ನೋಡಿತು.

ನಾಲ್ಕು ವರ್ಷದ ಮೇಲೆ ಅದೇ ಕೋರ್ಟಿಗೆ ಬಂದದ್ದು, ನಂಬಿ, ಒಂದು ಹುಲಿ! ಮಾ ಚಿಯೆನ್‌ಲಿ ಎಂಬ ಚಿತ್ರಕಾರರ ದಪ್ಪ ಹುಲಿ ಲಸಿಕೆ ಹಾಕಿಸಿಕೊಳ್ಳುವ ಚಿತ್ರ. ಯಾರೋ ಅದನ್ನು ಎನ್‌ಎಫ್‌ಟಿ ಮಾಡಿ 899 ಯುವಾನ್‌ಗೆ ಮಾರಿದ್ದರು. ಮೂಲೆಯಲ್ಲಿ ಚಿತ್ರಕಾರರ ವೀಬೋ ಖಾತೆಯ ವಾಟರ್‌ಮಾರ್ಕ್ ಹಾಗೇ ಇತ್ತು. ಬ್ಲಾಕ್‌ಚೈನ್ ಅದನ್ನೂ ಸೇರಿಸಿ ಕಳ್ಳನ ಹೆಸರಲ್ಲಿ ಶ್ರದ್ಧೆಯಿಂದ ಬರೆದುಕೊಂಡಿತ್ತು. 2022ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಹಾಕುವವನಿಗೆ ಹಕ್ಕಿದೆಯಾ ಅಂತ ನೋಡುವುದು ವೇದಿಕೆಯ ಕೆಲಸ, 4,000 ಯುವಾನ್ ಪರಿಹಾರ ಕೊಡಬೇಕು. ಆದರೆ ಟೋಕನ್ ಅಳಿಸುವುದು ಹೇಗೆ? ಬ್ಲಾಕ್‌ಚೈನಿನಲ್ಲಿ ಅಳಿಸಲಿಕ್ಕೆ ಆಗುವುದಿಲ್ಲ. ಯಾರೂ ತೆರೆಯಲಾಗದ ಒಂದು ವಿಳಾಸಕ್ಕೆ ಅದನ್ನು ಕಳಿಸಿಬಿಡಿ ಎಂದಿತು ಕೋರ್ಟ್. ಹಾಳುಬಾವಿಗೆ ಎಸೆದ ಹಾಗೆ.

6/6
ಈಗ ನನ್ನ ಹುಲಿ. ಇವತ್ತು ಬ್ಲಾಕ್‌ಚೈನಿಗೆ ಹಾಕಿದರೆ ಬೀಳುವುದು ಇವತ್ತಿನ ತಾರೀಖು. ಅಂಗಡಿಯವರು ಆಗಲೇ ಮಾರಲು ಶುರುಮಾಡಿ ಆಗಿದೆ. ಅವರೇ ನನಗಿಂತ ಮೊದಲು ಹಾಕಿದರೆ? ಅದೇ ಫೈಲಿನ ಹ್ಯಾಶ್ ಯಾರು ಹಾಕಿದರೂ ಒಂದೇ. ಆ ಫೈಲು ಆ ದಿನ ಇತ್ತು ಅಂತಷ್ಟೇ ಅದು ಹೇಳುತ್ತದೆ, ಯಾರ ಕೈ ಬಿಡಿಸಿತು ಅಂತ ಹೇಳುವುದಿಲ್ಲ. ಪೋಸ್ಟ್ ಮಾಡುವ ಮುಂಚಿನ ರಾತ್ರಿಯೇ ಹಾಕಿದ್ದರೆ ಉಪಯೋಗಕ್ಕೆ ಬರುತ್ತಿತ್ತು. ನಮ್ಮಲ್ಲೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲು ಜಾಗ ಇದೆ.

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. ಇಲ್ಲಿವರೆಗೆ ಖುಷಿಯಾಗಿದ್ದೆ. ಆಮೇಲೆ ಸೆಕ್ಷನ್ 15 ಓದಿದೆ. ಡಿಸೈನ್ಸ್ ಕಾಯ್ದೆಯಲ್ಲಿ ನೋಂದಾಯಿಸಬಹುದಾದ ಡಿಸೈನನ್ನು ನೋಂದಾಯಿಸದೆ, ಅದಿರುವ ವಸ್ತುವನ್ನು ಕಾರ್ಖಾನೆ ರೀತಿಯಲ್ಲಿ 50ಕ್ಕಿಂತ ಹೆಚ್ಚು ಸಲ ಮಾಡಿದರೆ ಆ ಡಿಸೈನಿನ ಕಾಪಿರೈಟ್ ಮುಗಿಯಿತು. ನಾವು ಹಾಕಿಸಿದ್ದು 120 ಟೀ ಶರ್ಟ್, ಮಾರಾಯ್ರೆ! ಚಿತ್ರ ಬೇರೆ, ಟೀ ಶರ್ಟಿನ ಡಿಸೈನ್ ಬೇರೆ ಅಂತ ವಾದಿಸಬಹುದು. ಈ ಗೆರೆ ಎಲ್ಲಿ ಎಳೆಯಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಒಂದು ಕೇಸಿನಲ್ಲಿ ಕೂತು ಬಿಡಿಸಬೇಕಾಯಿತು. ಇದನ್ನು ಯಾವ ಸರಪಳಿಯೂ ನಮಗೆ ಹೇಳಿಕೊಡುವುದಿಲ್ಲ.

ನನ್ನ ಹತ್ತಿರ ಇರುವುದು ಲೇಯರ್ ಇರುವ ಮೂಲ ಫೈಲು, ಪೆನ್ಸಿಲ್ ಸ್ಕೆಚ್‌ನ ಫೋಟೋ, ಪ್ರಿಂಟಿಂಗ್ ಅಂಗಡಿಗೆ ಮಾಡಿದ ಇಮೇಲ್. ನಿನ್ನೆ ಲೇಯರುಗಳನ್ನು ಒಂದೊಂದಾಗಿ ತೆರೆಯುವ ವಿಡಿಯೋ ಮಾಡಿದೆ. ಎಡಕಿವಿಯ ಆ ಪಟ್ಟೆ ಪೆನ್ಸಿಲ್ ಲೇಯರಿನಲ್ಲಿ ಇದೆ, ಬಣ್ಣದ ಲೇಯರಿನಲ್ಲಿ ಇಲ್ಲ. ಅದನ್ನು ಅಂಗಡಿಗೆ ಕಳಿಸಿ, ಪಟ್ಟೆ ಎಲ್ಲಿ ಹೋಯಿತು ಅಂತ ನೀವು ಹೇಳಿ ಎಂದು ಕೇಳಿದ್ದೇನೆ. ರಾತ್ರಿ 11.40ಕ್ಕೆ ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.