ಯಂತ್ರ ಬಂದರೆ ಸಾಲದು, ವ್ಯವಸ್ಥೆಯೂ ಬದಲಾಗಬೇಕು

ದೇಶವೊಂದು ಏಕೆ ಸಿರಿವಂತವಾಗುತ್ತದೆ? 1956ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಮಂಡಿಸಿದ ಮಾದರಿಯ ಪ್ರಕಾರ ಬಂಡವಾಳ ಕೂಡಿಹಾಕಿದಷ್ಟಕ್ಕೇ ಏಳಿಗೆ ಮುಂದುವರಿಯುವುದಿಲ್ಲ, ಅದನ್ನು ಮುಂದುವರಿಸುವುದು ತಂತ್ರಜ್ಞಾನ. ಆ ತಂತ್ರಜ್ಞಾನ ಒಂದು ದೇಶಕ್ಕೆ ಒಲಿದು ಇನ್ನೊಂದಕ್ಕೆ ಒಲಿಯದಿರುವುದೇಕೆ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಯಂತ್ರದ ಕಥೆಯಲ್ಲೂ ಅದೇ ವರ್ಷ ಹೊಸ ಅಧ್ಯಾಯ ಶುರುವಾಯಿತು: ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ಸೇರಿದ ವಿಜ್ಞಾನಿಗಳು ಕೃತಕ ಬುದ್ಧಿಮತ್ತೆಯ (ಎಐ) ಸಂಶೋಧನೆಗೆ ತಳಪಾಯ ಹಾಕಿದರು.

ಸೋಲೋ ಬಿಟ್ಟುಹೋದ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞ ಡಗ್ಲಸ್ ನಾರ್ತ್ ಕೈಗೆತ್ತಿಕೊಂಡರು. ಆಸ್ತಿ ಹಕ್ಕು, ಕರಾರು, ನ್ಯಾಯಾಲಯ, ಜನರ ರೂಢಿ ಎಂಬ ‘ಸಂಸ್ಥೆ’ಗಳೇ ಆರ್ಥಿಕತೆಯ ದಿಕ್ಕು ನಿರ್ಧರಿಸುತ್ತವೆ ಎಂದು 1990ರ ಕೃತಿಯಲ್ಲಿ ವಾದಿಸಿದರು. 2001ರಲ್ಲಿ ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಈ ವಾದಕ್ಕೆ ವಸಾಹತುಗಳ ಇತಿಹಾಸದಿಂದ ಅಂಕಿ-ಅಂಶ ಒದಗಿಸಿದರು. ಸಂಸ್ಥೆಗಳ ಕುರಿತ ಈ ಸಂಶೋಧನೆಗೆ 2024ರ ನೊಬೆಲ್ ಸಂದಿತು. ಭಾರತದ ಪುರಾವೆಯೂ ಇದೆ. ಬ್ರಿಟಿಷರು ಭೂಕಂದಾಯ ವಸೂಲಿಯನ್ನು ಜಮೀನ್ದಾರರ ಕೈಗೆ ಕೊಟ್ಟಿದ್ದ ಜಿಲ್ಲೆಗಳು ಸ್ವಾತಂತ್ರ್ಯದ ನಂತರವೂ ಇಳುವರಿಯಲ್ಲಿ, ಶಾಲೆ-ಆಸ್ಪತ್ರೆಗಳಲ್ಲಿ ಹಿಂದೆ ಬಿದ್ದಿದ್ದನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ ತೋರಿಸಿದರು.

ವ್ಯವಸ್ಥೆಯೇ ಮುಖ್ಯವೆಂಬ ಪಾಠ ಯಂತ್ರದ ಕಡೆಯಿಂದಲೂ ಬಂತು. ಕಂಪ್ಯೂಟರ್ ಎಲ್ಲೆಡೆ ಕಂಡರೂ ಉತ್ಪಾದಕತೆಯ ಲೆಕ್ಕದಲ್ಲಿ ಕಾಣುತ್ತಿಲ್ಲ ಎಂದು 1987ರಲ್ಲಿ ಸೋಲೋ ಗಮನಿಸಿದ್ದರು. ವಿದ್ಯುತ್ತಿನ ಕಥೆಯೂ ಹೀಗೇ ಇತ್ತೆಂದು 1990ರಲ್ಲಿ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ನೆನಪಿಸಿದರು. ಹಬೆಯಂತ್ರದ ಜಾಗದಲ್ಲಿ ಮೋಟಾರು ಇಟ್ಟರೂ ಕಾರ್ಖಾನೆಯ ಹಳೆಯ ವಿನ್ಯಾಸ ಉಳಿದಿತ್ತು. ಪ್ರತಿ ಯಂತ್ರಕ್ಕೂ ತನ್ನದೇ ಮೋಟಾರು ಬಂದು, ಕೆಲಸದ ಕ್ರಮವೇ ಬದಲಾದ ಮೇಲೆ, 1920ರ ದಶಕದಲ್ಲಿ ಅಮೆರಿಕದ ಉತ್ಪಾದಕತೆ ಜಿಗಿಯಿತು.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಸಂಸ್ಥೆಗಳ ಕುರಿತ ಮತ್ತು ಯಂತ್ರಗಳ ಕುರಿತ ಈ ಎರಡು ಚಿಂತನೆಗಳೂ ಒಂದೆಡೆ ಸೇರಿದವು. ಗ್ರಾಹಕ ಸೇವಾ ನೌಕರರಿಗೆ ಎಐ ನೆರವು ಸಿಕ್ಕಾಗ ಉತ್ಪಾದಕತೆ ಸರಾಸರಿ ಶೇ 14ರಷ್ಟು ಹೆಚ್ಚಿತು, ಹೊಸಬರಿಗೆ ಇನ್ನೂ ಹೆಚ್ಚು ಲಾಭವಾಯಿತು ಎಂದು ಅರ್ಥಶಾಸ್ತ್ರಜ್ಞ ಬ್ರಿನ್ಯಾಲ್ಫ್‌ಸನ್ ಅವರ ತಂಡ 2023ರಲ್ಲಿ ವರದಿ ಮಾಡಿತು. ಆದರೆ ಇಡೀ ಆರ್ಥಿಕತೆಯ ಉತ್ಪಾದಕತೆಗೆ ಹತ್ತು ವರ್ಷಗಳಲ್ಲಿ ಎಐನಿಂದ ಶೇ 1ರಷ್ಟೂ ಸೇರದು ಎಂಬುದು ಅಸೆಮೊಗ್ಲು ಅವರ 2024ರ ಅಂದಾಜು.

ಯಂತ್ರದ ಜೊತೆಗೆ ವ್ಯವಸ್ಥೆಯೂ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು (ಜಮೀನಿನ ದಾಖಲೆಗಳು) ಗಣಕಕ್ಕೇರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಬರೀ ಕಂಪ್ಯೂಟರಿನಿಂದ ಇದಾಗಲಿಲ್ಲ. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ ಎಂದು ಸರ್ಕಾರ ಆದೇಶಿಸಿತು. ಮ್ಯುಟೇಷನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಲಾಯಿತು. ರೈತನ ಕೆಲಸ ಹಗುರಾಗಿದ್ದು ಇವು ಕೂಡಿಬಂದದ್ದರಿಂದ.

ಎಐಗೂ ಇದೇ ಮಾತು ಸಲ್ಲುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ‘ಇಂಡಿಯಾಎಐ ಮಿಷನ್’ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿದೆ. ಈ ಹಣದಿಂದ ಚಿಪ್‌ಗಳನ್ನು ಕೊಳ್ಳಬಹುದು, ನಂಬಿಕೆಯನ್ನು ಕೊಳ್ಳಲಾಗದು. ಪಿಂಚಣಿಯನ್ನೋ ಸಾಲವನ್ನೋ ಎಐ ನಿರಾಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಕೇಳುವ ಹಕ್ಕು, ಮೇಲ್ಮನವಿ ಆಲಿಸುವ ಅಧಿಕಾರಿ, ಉತ್ತರ ಕೊಡಲು ಗಡುವು ಇವನ್ನು ಕಾನೂನೇ ಕೊಡಬೇಕು. ಎಐ ತಂದ ಲಾಭ ಜನಸಾಮಾನ್ಯರ ಮನೆ ತಲುಪುವುದು ಆಗಲೇ.