ಪ್ರೋಟಿಯಾಸೋಮ್

ಜೀವಕೋಶದೊಳಗೆ ಕೆಲಸ ಮುಗಿಸಿದ, ಹಾಳಾದ ಅಥವಾ ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳನ್ನು ತುಂಡರಿಸುವ ದೊಡ್ಡ ಕಿಣ್ವ ಸಂಕೀರ್ಣವೇ ಪ್ರೋಟಿಯಾಸೋಮ್. ಯೀಸ್ಟು, ಗಿಡಮರ, ಪ್ರಾಣಿ, ಮನುಷ್ಯ, ಯಾವ ಜೀವಿಯೇ ಆಗಲಿ, ಕೋಶಕೇಂದ್ರವುಳ್ಳ ಜೀವಕೋಶಕ್ಕೆ ಇದಿಲ್ಲದೆ ಬದುಕಿಲ್ಲ.

ಜಠರದ ಪೆಪ್ಸಿನ್ ಆಗಲಿ ಕರುಳಿನ ಟ್ರಿಪ್ಸಿನ್ ಆಗಲಿ ಆಹಾರದ ಪ್ರೋಟೀನನ್ನು ಕತ್ತರಿಸಲು ಕೋಶದ ಇಂಧನವಾದ ಎಟಿಪಿಯನ್ನು ಕೇಳುವುದಿಲ್ಲ. ಆದರೆ ಯಕೃತ್ತಿನ ತೆಳು ಹೋಳುಗಳನ್ನು ಪರೀಕ್ಷಿಸಿದ ಮೆಲ್ವಿನ್ ಸಿಂಪ್ಸನ್ 1953ರಲ್ಲಿ ಬೇರೆಯದೇ ಸಂಗತಿ ಕಂಡರು: ಶಕ್ತಿಯ ಪೂರೈಕೆ ತಪ್ಪಿಸಿದರೆ ಜೀವಕೋಶದೊಳಗಿನ ಪ್ರೋಟೀನಿನ ವಿಘಟನೆ ಕುಂಠಿತವಾಗುತ್ತಿತ್ತು. ಒಡೆದುಹಾಕಲು ಶಕ್ತಿ ಏಕೆ ಬೇಕು? ಈ ಪ್ರಶ್ನೆ ಎರಡು ದಶಕಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು.

1955ರಲ್ಲಿ ಕ್ರಿಸ್ಟಿಯಾನ್ ದ ದುವೆ ಲೈಸೋಸೋಮನ್ನು ಗುರುತಿಸಿದ ಮೇಲೆ ವಿಘಟನೆಯೆಲ್ಲ ಆ ಆಮ್ಲೀಯ ಚೀಲದೊಳಗೇ ನಡೆಯುತ್ತದೆಂದು ಹೆಚ್ಚಿನವರು ನಂಬಿದರು. ಆದರೆ ಕೆಲವು ಪ್ರೋಟೀನುಗಳು ನಿಮಿಷಗಳಲ್ಲಿ ಅಳಿಯುತ್ತವೆ. ಕಣ್ಣಿನ ಮಸೂರದ ಕ್ರಿಸ್ಟಲಿನ್‌ನಂಥವು ಜೀವಮಾನವಿಡೀ ಉಳಿಯುತ್ತವೆ. ಈ ಆಯ್ಕೆಯನ್ನು ಲೈಸೋಸೋಮಿನಿಂದ ವಿವರಿಸಲು ಆಗುತ್ತಿರಲಿಲ್ಲ. 1977ರಲ್ಲಿ ಆಲ್ಫ್ರೆಡ್ ಗೋಲ್ಡ್‌ಬರ್ಗ್ ಮತ್ತು ಜೋಸೆಫ್ ಎಟ್ಲಿಂಗರ್, ಲೈಸೋಸೋಮ್ ಇಲ್ಲದ ಎಳೆಯ ಕೆಂಪು ರಕ್ತಕಣಗಳಲ್ಲೂ ಎಟಿಪಿ ಬಳಸಿ ಪ್ರೋಟೀನು ಒಡೆಯುವ ವ್ಯವಸ್ಥೆ ಇದೆಯೆಂದು ತೋರಿಸಿದರು.

ಇಸ್ರೇಲಿನ ಆವ್ರಾಮ್ ಹರ್ಷ್ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಚಿಹನೋವರ್ ಅದೇ ಕಣಗಳ ಸಾರವನ್ನು ಬೇರ್ಪಡಿಸುತ್ತ ಹೋದಾಗ, ಕುದಿಸಿದರೂ ಕೆಡದ ಪುಟ್ಟ ಪ್ರೋಟೀನೊಂದು ಸಿಕ್ಕಿತು. ಅದೇ ಯುಬಿಕ್ವಿಟಿನ್, ಅದರಲ್ಲಿರುವುದು ಬರೀ 76 ಅಮೈನೋ ಆಮ್ಲ. ಅಳಿಯಬೇಕಾದ ಪ್ರೋಟೀನಿಗೆ ಇದು ಸಾಲಾಗಿ ಅಂಟಿಕೊಂಡು ಗುರುತಾಗುತ್ತದೆ. ಅಂಟಿಸಲು ಮೂರು ಬಗೆಯ ಕಿಣ್ವಗಳು ಒಂದರ ಹಿಂದೊಂದು ದುಡಿಯುತ್ತವೆ. ಯಾವುದನ್ನು ಗುರುತಿಸಬೇಕೆಂದು ಮುಖ್ಯವಾಗಿ ನಿರ್ಧರಿಸುವುದು ಮೂರನೆಯ ಬಗೆ. ಮನುಷ್ಯರಲ್ಲಿ ಅಂಥವು ಸುಮಾರು 600 ಇವೆ. ಅಮೆರಿಕದ ಇರ್ವಿನ್ ರೋಸ್ ಜತೆಗೂಡಿ ನಡೆಸಿದ ಈ ಸಂಶೋಧನೆಗೆ ಮೂವರಿಗೂ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಹೀಗೆ ಗುರುತು ಬಿದ್ದ ಪ್ರೋಟೀನನ್ನು ತುಂಡರಿಸುವುದು ಪ್ರೋಟಿಯಾಸೋಮ್. ಅದರ ರಚನೆಯೇ ಒಂದು ಎಚ್ಚರಿಕೆಯ ಕ್ರಮ. ಏಳೇಳು ಘಟಕಗಳ ನಾಲ್ಕು ಉಂಗುರಗಳು ಒಂದರ ಮೇಲೊಂದು ಕೂತು ಟೊಳ್ಳು ಪೀಪಾಯಿಯಾಗುತ್ತವೆ. ಕತ್ತರಿಸುವ ತಾಣಗಳೆಲ್ಲ ಒಳಗೋಡೆಯಲ್ಲೇ ಇರುವುದರಿಂದ ಹೊರಗೆ ಅಡ್ಡಾಡುವ ಪ್ರೋಟೀನುಗಳಿಗೆ ಅಪಾಯವಿಲ್ಲ. ಪೀಪಾಯಿಯ ತುದಿಗೆ ಕೂತ ಮುಚ್ಚಳ ಯುಬಿಕ್ವಿಟಿನ್ ಸಾಲನ್ನು ಗುರುತಿಸಿ ಕಳಚುತ್ತದೆ, ಪ್ರೋಟೀನಿನ ಮಡಿಕೆ ಬಿಡಿಸಿ ಎಳೆಯಂತೆ ಒಳಗೆ ತಳ್ಳುತ್ತದೆ. ಎಟಿಪಿ ಖರ್ಚಾಗುವುದು ಮುಖ್ಯವಾಗಿ ಇಲ್ಲಿ ಮತ್ತು ಗುರುತು ಹಾಕುವ ಮೊದಲ ಹಂತದಲ್ಲಿ. ಜೀವಕೋಶ ಶಕ್ತಿ ವ್ಯಯಿಸುವುದು ಕತ್ತರಿಸುವುದಕ್ಕಲ್ಲ, ಆರಿಸುವುದಕ್ಕೆ. ಹೊರಬೀಳುವ ಚೂರುಗಳು ಬಹುಪಾಲು ಮತ್ತೆ ಅಮೈನೋ ಆಮ್ಲಗಳಾಗುತ್ತವೆ; ಕೆಲವು ಕೋಶದ ಹೊರಮೈಗೆ ಬಂದು, ಒಳಗೆ ವೈರಸ್ ಇದೆಯೇ ಎಂಬ ಸುಳಿವನ್ನು ರೋಗನಿರೋಧಕ ಕಣಗಳಿಗೆ ಕೊಡುತ್ತವೆ.

ಈ ಆಯ್ಕೆ ದಾರಿ ತಪ್ಪಿದರೆ ರೋಗ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್, ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿಗೇ ಅಳಿವಿನ ಗುರುತು ಹಾಕಿಸುತ್ತದೆ. ಇನ್ನು ಮಲ್ಟಿಪಲ್ ಮೈಲೋಮಾ ಎಂಬ ರಕ್ತಕ್ಯಾನ್ಸರಿನ ಕಣಗಳು ಪ್ರೋಟೀನನ್ನು ರಾಶಿರಾಶಿಯಾಗಿ ತಯಾರಿಸುತ್ತವೆ. ವಿಲೇವಾರಿ ನಿಂತರೆ ಅವು ಬೇಗ ಸಾಯುತ್ತವೆ. ಅಮೆರಿಕದಲ್ಲಿ 2003ರಲ್ಲಿ ಮಂಜೂರಾದ ಬೋರ್ಟೆಜೋಮಿಬ್ ಎಂಬ ಔಷಧಿ ಪ್ರೋಟಿಯಾಸೋಮನ್ನೇ ತಡೆಯುತ್ತದೆ. ಅದೇ ರೋಗಕ್ಕೆ ಕೊಡುವ ಲೆನಾಲಿಡೋಮೈಡ್ ಇದಕ್ಕೆ ತದ್ವಿರುದ್ಧ: ಕ್ಯಾನ್ಸರ್ ಕಣಕ್ಕೆ ಆಧಾರವಾದ ಎರಡು ಪ್ರೋಟೀನುಗಳಿಗೆ ಗುರುತು ಹಾಕಿಸಿ ಪ್ರೋಟಿಯಾಸೋಮಿನ ಕೈಯಲ್ಲೇ ಅಳಿಸುತ್ತದೆ. ಈಗ ವೈದ್ಯರು ಇವೆರಡನ್ನೂ ಒಂದೇ ಚಿಕಿತ್ಸಾಕ್ರಮದಲ್ಲಿ ಜೋಡಿಸಿ ಕೊಡುತ್ತಾರೆ.